ಎಂಟು ಹಂತಗಳಲ್ಲಿ ಸೇಮಿಗೆ

ಜನವರಿ 5, ಸೋಮವಾರ

ಇವತ್ತೂ ಕೈಪಿಡಿಯ ಮೂರನೆಯ ಹಂತದಲ್ಲೇ ನಿಂತಿದ್ದೇನೆ. ಯಂತ್ರದ ತೂತುಗಳಿರುವ ಚಕ್ರಕ್ಕೆ ಮೆಕ್ಯಾನಿಕ್ ಮುನವ್ವರ್ 'ಜಾಲಿ' ಅನ್ನುತ್ತಾರೆ. ಮಾಲಕ ದೇವದಾಸರು 'ಅಚ್ಚು' ಅನ್ನುತ್ತಾರೆ. ಬಿಲ್ಲಿನಲ್ಲಿ 'ಡಿಸ್ಕ್' ಎಂದಿದೆ. ರಷ್ಯನ್ ಕಾದಂಬರಿಗಳ ಅನುವಾದ ಓದಿ ನನಗೆ ಅಭ್ಯಾಸವಿದೆ — ಒಬ್ಬನಿಗೇ ನಾಲ್ಕು ಹೆಸರು. ಯಂತ್ರ ಕೊಳ್ಳುವವರಿಗೆ ಆ ಅಭ್ಯಾಸ ಇರಲಾರದು. 'ಬಿಲ್ಲೆ' ಎಂದು ತೀರ್ಮಾನಿಸಿದೆ.

ದರ್ಬೆಯ ಈ ವರ್ಕ್‌ಶಾಪಿನಲ್ಲಿ ಸೇಮಿಗೆ, ಅಂದರೆ ಅಕ್ಕಿಯ ಒತ್ತು ಶಾವಿಗೆ, ಮಾಡುವ ಕರೆಂಟಿನ ಯಂತ್ರ ತಯಾರಾಗುತ್ತದೆ. ಅದರ ಕೈಪಿಡಿ ಬರೆಯುವುದು ನನ್ನ ಕೆಲಸ. ಹುದ್ದೆ — ಟೆಕ್ನಿಕಲ್ ರೈಟರ್. ಸೇರಿ ಎರಡು ತಿಂಗಳು. ಅಮ್ಮ ನೆಂಟರ ಹತ್ತಿರ 'ಟೈಪಿಂಗ್' ಎಂದು ಹೇಳಿದ್ದಾಳೆ.

ಜನವರಿ 12

ದೇವದಾಸರು ಕೈಪಿಡಿಯನ್ನು ಕೈಯಲ್ಲಿ ತೂಗಿ ನೋಡಿದರು. ಹನ್ನೆರಡು ಪುಟ.

"ಇದನ್ನು ಯಾರು ಓದ್ತಾರೆ? ನಂಬರ್ ಕೊಟ್ರಾಯ್ತು. ಫೋನ್ ಮಾಡ್ತಾರೆ, ಮುನವ್ವರ್ ಹೋಗ್ತಾನೆ."

"ಹೋಗಿ ಹೋಗಿ ಸಾಕಾಯ್ತು ಧಣಿ," ಎಂದರು ಮುನವ್ವರ್. "ಮೊನ್ನೆ ಸಂಪಾಜೆವರೆಗೆ ಹೋದದ್ದು. ಎಂತ ನೋಡಿದ್ರೆ, ಸ್ವಿಚ್ಚೇ ಹಾಕ್ಲಿಲ್ಲ."

"ಊಟ ಕೊಟ್ರಲ್ಲ?"

"ಕೊಟ್ರು."

"ಮತ್ತೆಂತ?"

ಕೊನೆಗೆ ಒಂದು ಮಾತಾಯಿತು. ಈ ತಿಂಗಳೊಳಗೆ ಒಬ್ಬರಾದರೂ, ಯಾರಿಗೂ ಫೋನ್ ಮಾಡದೆ, ಕೈಪಿಡಿ ಮಾತ್ರ ನೋಡಿ ಸೇಮಿಗೆ ಒತ್ತಬೇಕು. ಒತ್ತಿದರೆ ನನ್ನ ಕೆಲಸ ಖಾಯಂ. ಇಲ್ಲದಿದ್ದರೆ ವೀಡಿಯೋ ಮಾಡಿಸುತ್ತಾರೆ, ನಾನು ಮನೆಗೆ.

ನಿಯಮ ನಾನೇ ಹಾಕಿಕೊಂಡೆ: ಅವರು ಒತ್ತುವಾಗ ಪಕ್ಕದಲ್ಲಿ ಕೂರುವುದು, ಮಾತಾಡದಿರುವುದು. ಎರಡನೆಯದು ನನಗೆ ಚೆನ್ನಾಗಿ ಬರುತ್ತದೆ.

ಜನವರಿ 19

ಸುಳ್ಯಕ್ಕೆ ಬಸ್ಸು, ಅಲ್ಲಿಂದ ಆಟೋದಲ್ಲಿ ಅಜ್ಜಾವರ. ಹೊಸ ಗಿರಾಕಿ ಕಮಲಾವತಿ ಅಕ್ಕ. ಎಂಟೂ ಹಂತಗಳನ್ನು ನಾಲ್ಕೇ ನಿಮಿಷದಲ್ಲಿ ಮುಗಿಸಿದರು. ಸೇಮಿಗೆ ಎಳೆಎಳೆಯಾಗಿ ಇಳಿಯಿತು. ಕೈಪಿಡಿ ಮಾತ್ರ ಕವರಿನಿಂದ ಹೊರಗೇ ಬಂದಿರಲಿಲ್ಲ.

ನಿಯಮ ಮುರಿದು ಕೇಳಿದೆ.

"ನಿನ್ನೆ ಮುನವ್ವರನ್ನ ಬರ್ಲಿಕ್ಕೆ ಹೇಳಿ ಕಲ್ತುಕೊಂಡೆ," ಎಂದರು. "ನೀವು ನೋಡ್ಲಿಕ್ಕೆ ಬರುದಲ್ವಾ? ಬಂದವರ ಎದುರು ತಪ್ಪಿದ್ರೆ ಮರ್ಯಾದೆ ಎಂತ ಉಂಟು?"

"ಪರೀಕ್ಷೆ ನಿಮಗಲ್ಲ ಅಕ್ಕ, ಪುಸ್ತಕಕ್ಕೆ."

"ಹಾಗಾದ್ರೆ ಪುಸ್ತಕ ಪಾಸು ಅಂತ ಬರ್ಕೊಳ್ಳಿ. ಇನ್ನೆರಡು ಹಾಕ್ಲಾ?"

ಕೋಳಿ ಸಾರು ಇತ್ತು. ಆರು ಸೇಮಿಗೆ ತಿಂದೆ. ಕೈಪಿಡಿಗೆ ಸೊನ್ನೆ.

ಸಂಜೆ ಮುನವ್ವರ್ ಅವರನ್ನು ಕೇಳಿದೆ. "ಹೇಳ್ಬೇಡ ಅಂದ್ರು ಮೇಡಂ." ಸ್ಪ್ಯಾನರ್ ಒರೆಸುತ್ತ — "ನಿಮಗೂ ಕೋಳಿಯಾ?"

ಜನವರಿ 27

ಕಡಬ. ಅಲೀಮಮ್ಮನವರ ಮನೆ. ಅವರಿಗೆ ಕನ್ನಡ ಓದಲು ಬಾರದು. ಸೊಸೆ ಆಯಿಶತ್ ಶಿಫಾ ಓದುತ್ತ, ಆಗಿಂದಾಗಲೇ ಬ್ಯಾರಿ ಭಾಷೆಯಲ್ಲಿ ಹೇಳುತ್ತ ಹೋದಳು. ಅತ್ತೆ ಹಾಗೆಯೇ ಮಾಡುತ್ತ ಹೋದರು.

ಐದನೆಯ ಹಂತದಲ್ಲಿ ನಾನು ಬರೆದದ್ದು: 'ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯ ಉಷ್ಣತೆಯು ಅಂಗೈಯಲ್ಲಿ ಹಿಡಿಯಲು ಸಾಧ್ಯವಾಗುವ ಮಿತಿಗಿಂತ ತುಸು ಹೆಚ್ಚಿರತಕ್ಕದ್ದು.' ಶಿಫಾ ಎರಡೇ ಪದದಲ್ಲಿ ಮುಗಿಸಿದಳು. ನನಗೆ ಅರ್ಥವಾದಷ್ಟು — ಕೈ ಸುಡಬೇಕು.

ಎಚ್ಚರಿಕೆಗಳು ಎರಡು ಪುಟ. ಮೇಲಿಂದ ಕೆಳಗೆ ಕಣ್ಣಾಡಿಸಿ ನನ್ನ ಕಡೆ ತಿರುಗಿದಳು. "ಇಷ್ಟೂ ಕರೆಂಟ್ ಹೊಡೀತದೆ ಅಂತ ಅಲ್ವಾ ಅಕ್ಕ?"

ನಿಯಮದಂತೆ ನಾನು ತಲೆ ಕೂಡ ಆಡಿಸಲಿಲ್ಲ.

ಅಲೀಮಮ್ಮ ಕನಿಕರದಿಂದ ನೋಡಿದರು. "ಪಾಪ, ಇವಳಿಗೆ ಮಾತು ಬರುದಿಲ್ವಾ?"

ಸೇಮಿಗೆ ಬಂತು. ಯಾರೂ ಫೋನ್ ಮಾಡಲಿಲ್ಲ.

ಬಸ್ಸಿನಲ್ಲಿ ಸಂತೋಷ ಉಪ್ಪಿನಂಗಡಿವರೆಗೆ ಇತ್ತು. ಆಮೇಲೆ ಹೊಳೆಯಿತು: ಅವರು ಒತ್ತಿದ್ದು ಶಿಫಾಳ ಪುಸ್ತಕ ಕೇಳಿ, ನನ್ನದನ್ನಲ್ಲ. ಅನುವಾದ ಚೆನ್ನಾಗಿತ್ತು, ಮೂಲ ಚೆನ್ನಾಗಿರಲಿಲ್ಲ. ಇಷ್ಟು ವರ್ಷ ನಾನು ಮೆಚ್ಚಿದ ಕಾದಂಬರಿಗಳಲ್ಲಿ ಎಷ್ಟರ ಕಥೆ ಹೀಗೋ...

ಜನವರಿ 29

ಪೂರ್ತಿ ಹೊಸದಾಗಿ ಬರೆದೆ. ನಾಲ್ಕು ಪುಟ. 'ತಕ್ಕದ್ದು' ಒಂದೂ ಉಳಿದಿಲ್ಲ. ಐದನೆಯ ಹಂತ: 'ಉಂಡೆ ಕೈ ಸುಡುವಷ್ಟು ಬಿಸಿ ಇರಲಿ.' ಹೀಗೆ ಬರೆಯಲು ನಾಚಿಕೆಯಾಯಿತು. ಬರೆದೆ.

ಜನವರಿ 30

ವರದಿ ಕೊಟ್ಟೆ. ದೇವದಾಸರು ಓದಲಿಲ್ಲ.

"ಕಡಬದಲ್ಲಿ ಬಂತಾ ಇಲ್ವಾ?"

"ಬಂತು."

"ಫೋನ್?"

"ಮಾಡಿಲ್ಲ."

"ಹಾಗಾದ್ರೆ ಆಯ್ತಲ್ಲ."

"ಇಲ್ಲ ಸರ್. ಅದು ಸೊಸೆ ಹೇಳಿದ್ದು. ನಾನು ಬರೆದದ್ದಲ್ಲ."

"ಪ್ರೀತಿಕಾ, ನಿಮಗೆ ಕೆಲಸ ಬೇಕಾ ಬೇಡ್ವಾ?"

"ಬೇಕು."

"ಮತ್ತೆ ಎಂತಕ್ಕೆ ಮಾರಾಯ್ರೆ ಈ ಕಿರಿಕಿರಿ..."

ಉತ್ತರ ಇತ್ತು, ಆದರೆ ಉದ್ದ. ಹೊಸ ನಾಲ್ಕು ಪುಟ ಮೇಜಿನ ಮೇಲಿಟ್ಟೆ. ಬಾಗಿಲ ಬಳಿ ನಟ್ಟು ಬಿಗಿಯುತ್ತಿದ್ದ ಮುನವ್ವರ್ ತಲೆಯೆತ್ತದೆ ಹೇಳಿದರು: "ಧಣಿ, ನೀವೇ ಒಮ್ಮೆ ಒತ್ತಿ ನೋಡಿ."

ದೇವದಾಸರು ಹನ್ನೊಂದು ವರ್ಷದಿಂದ ಯಂತ್ರ ಮಾರುತ್ತಿದ್ದಾರೆ. ಒಮ್ಮೆಯೂ ಒತ್ತಿಲ್ಲ. ಮನೆಯಲ್ಲಿ ಒತ್ತುವುದು ಹೆಂಡತಿ ಸುಪ್ರಿತಾ, ಅದೂ ಕೈಯಿಂದ ಒತ್ತುವ ಹಳೆಯ ಮರದ ಸೇಮಿಗೆ ಮುಟ್ಟಿನಲ್ಲಿ. ಇದು ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಗೊತ್ತು.

"ನಾಳೆ ಒತ್ತುತ್ತೇನೆ," ಎಂದರು. "ಬರೆದಷ್ಟೇ ಮಾಡುದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

ಜನವರಿ 31, ಬೆಳಿಗ್ಗೆ 11.10

ಮಾಲಕರ ಕೋಣೆ. ಮುನವ್ವರ್ ಅವರನ್ನು ದೇವದಾಸರು ಅಂಗಳಕ್ಕೆ ಕಳಿಸಿದ್ದಾರೆ. ಮೇಜಿನ ಮೇಲೆ ಯಂತ್ರ, ಮನೆಯಿಂದ ಹಾಟ್‌ಬಾಕ್ಸಿನಲ್ಲಿ ತಂದ ಉಂಡೆಗಳು, ಟೈಪಾದ ನನ್ನ ನೇಮಕಾತಿ ಪತ್ರ. ಸಹಿ ಸೇಮಿಗೆ ಬಂದ ಮೇಲೆ. ಬಾಯಿ ಬಿಡಬಾರದೆಂದು ಇಲ್ಲೇ ಕೂತು ಬರೆಯುತ್ತಿದ್ದೇನೆ.

11.14 — ಕನ್ನಡಕ ಹಾಕಿದರು. ಒಂದನೆಯ ಹಂತ ಓದಿದರು. ಮಾಡಿದರು.

11.17 — ಬಿಲ್ಲೆ ತಲೆಕೆಳಗಾಗಿ ಕೂರಿಸಿದ್ದಾರೆ. ಅದು ಅಲುಗಾಡುತ್ತಿದೆ. ಫೋನ್ ಕೈಗೆತ್ತಿಕೊಂಡರು. ಅಂಗಳದಲ್ಲಿ ಮುನವ್ವರ್ ಜೇಬು ಮುಟ್ಟಿ ನೋಡಿಕೊಂಡದ್ದು ಕಿಟಕಿಯಿಂದ ಕಾಣಿಸಿತು. ಫೋನ್ ಕೆಳಗಿಟ್ಟರು. ಪುಟ ತಿರುಗಿಸಿದರು — ಹಿಂದಕ್ಕೆ. ಮೂರನೆಯದನ್ನು ಮತ್ತೆ ಓದಿದರು. ಬಿಲ್ಲೆ ತಿರುಗಿಸಿ ಕೂರಿಸಿದರು.

11.21 — ಐದನೆಯ ಹಂತ. ಉಂಡೆ ಮುಟ್ಟಿ ಕೈ ಕೊಡವಿದರು. "ಇದು ಸರಿ ಬರ್ದಿದ್ದೀರಿ."

11.24 — ಎಂಟು. ಸ್ವಿಚ್ ಹಾಕಿದರು. ಎಳೆ ಬಂತು. ಬಂತು.

ಕೆಳಗೆ ತಟ್ಟೆ ಇಲ್ಲ. ತಟ್ಟೆ ಇಡಿ ಎಂದು ನಾನು ಎಲ್ಲಿಯೂ ಬರೆದಿಲ್ಲ. ಅಜ್ಜಾವರದಲ್ಲೂ ಕಡಬದಲ್ಲೂ ಹೇಳದೆಯೇ ಇಟ್ಟಿದ್ದರು. ಬಿಸಿ ಸೇಮಿಗೆ ನೇರ ನೇಮಕಾತಿ ಪತ್ರದ ಮೇಲೆ ಇಳಿಯುತ್ತಿದೆ. ನನ್ನ ಹೆಸರು ಮುಚ್ಚಿತು. ಸಹಿಯ ಜಾಗ ಇನ್ನೂ ಕಾಣುತ್ತಿದೆ. ಅವರು ಎರಡೂ ಕೈ ಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದಾರೆ. "ಒಂಬತ್ತನೆಯದು ಎಂತ?" ಎಂದು ಕೇಳುತ್ತಿದ್ದಾರೆ. ಮಾತಾಡುವಂತಿಲ್ಲ. ಈ ಪುಟವನ್ನೇ ಹರಿದು ತಟ್ಟೆಯ ಬದಲು ಎಳೆಗಳ ಕೆಳಗೆ