ಮಳಿಗಾಲದಾಗ ತಗೋಬೇಕಿದ್ದ ರೇಡಿಯೋ

ಇಚಲಕರಂಜಿ
ತಾ. ೧೭-೨-೧೯೬೬

ಪ್ರೀತಿಯ ತಮ್ಮಣ್ಣಾ,

ನಿನ್ನ ವೈನಿ ದುರ್ಗವ್ವನ ಆಶೀರ್ವಾದ. ಕೆಮ್ಮು ಕಡಿಮಿ ಆಗೇತೋ ಇಲ್ಲೋ? ಖಾನಾವಳಿ ಊಟ ಸೇರವಲ್ದು ಅಂತ ಸಂಕ್ರಾಂತಿ ಪತ್ರದಾಗ ಬರದಿದ್ದಿ. ಅದನ್ನ ಕೇಳಿದಾಗಿಂದ ನಿಮ್ಮವ್ವ ರೊಟ್ಟಿ ಮುರಿಯೋಮುಂದ ದಿನಾ ನಿನ್ನ ಹೆಸರು ತಗೀತಾರ. ಮುಂಬಯಿ ನೀರು ಕಾಸಿ ಕುಡಿ. ನಾವಿಲ್ಲಿ ಅದೇವಿ. ಆರಾಮ ಅದೇವಿ ಅಂತ ಬರೀಬೇಕಂದೆ, ಕೈ ಏಳಲಿಲ್ಲ.

ರೇಡಿಯೋ ಯಾವಾಗ ತಗೋಬೇಕು ಅಂತ ಹೋದ ವರ್ಷ ನಮ್ಮ ನಡುವ ಎಷ್ಟು ಪತ್ರ ಓಡ್ಯಾಡಿದುವು, ನಿನಗ ನೆನಪೈತಿ. ನೀ ರೇಡಿಯೋ ಅಂಗಡ್ಯಾಗ ದುಡಿಯಾವ, ನಿನ್ನ ಮಾತು ಖರೆ ಇತ್ತು. ದೀಪಾವಳಿಗೆ ದರ ಏರತಾವ, ಮಳಿಗಾಲದಾಗ ಯಾರೂ ಅಂಗಡಿ ಕಡೆ ಸುಳಿಯೂದಿಲ್ಲ, ಹಳೇ ಮಾಡೆಲ್ ಸಸ್ತಾ ಬಿಡ್ತಾರ, ಆಗ ತಗೋರಿ ಅಂತ ಬರದಿದ್ದಿ. ನಿಮ್ಮಣ್ಣ ಜೂನದಾಗ ಪೇಟ್ಯಾಗಿನ ಸಿದ್ದರಾಯನ ಅಂಗಡಿಗೆ ಹೋಗಿ ಒಂದು ಸೆಟ್ ನೋಡಿಟ್ಟು ಬಂದ್ರು. ಅಷ್ಟರಾಗ ಆಷಾಢ ಬಂತು. ಆಷಾಢದಾಗ ಹೊಸಾ ಸಾಮಾನು ಹೊಸ್ತಿಲಾ ದಾಟೂದು ಬ್ಯಾಡ ಅಂತ ನಿಮ್ಮವ್ವ ಹಟ ಹಿಡದ್ರು. ಶ್ರಾವಣದಾಗ ಹೋಗಿ ನೋಡಿದ್ರ ಆ ಸೆಟ್ ಬ್ಯಾರೆದವರ ಮನಿ ಸೇರಿತ್ತು. ಆಮ್ಯಾಲ ಪಾಕಿಸ್ತಾನದ ಸಂಗಾಟ ಲಡಾಯಿ ಹತ್ತಿತು, ಸುದ್ದಿ ಕೇಳಾಕ ಮಂದಿ ರೇಡಿಯೋಕ್ಕ ಮುಗಿಬಿದ್ರು, ಸಿದ್ದರಾಯನ ಅಂಗಡ್ಯಾಗ ಬರೇ ಖಾಲಿ ರಟ್ಟಿನ ಖೋಕಾ ಉಳದ್ವು. ದೀಪಾವಳಿಗೆ ಹೊಸಾ ಮಾಲು ಬಂತು. ದರ ಎಷ್ಟರೆ ಇರಲಿ ಅಂತ ನಿಮ್ಮಣ್ಣ ಚಪ್ಪಲಿ ಮೆಟ್ಟಿದ್ರು. ನಾನ ತಡದೆ, ತಮ್ಮಣ್ಣಾ. ರೇಡಿಯೋಕ್ಕ ಪೋಸ್ಟಿನ್ಯಾಗ ತಗಿಸೂ ಲೈಸೆನ್ಸು ಡಿಸೆಂಬರಕ್ಕ ಮುಗೀತೈತಿ, ಎರಡು ತಿಂಗಳ ಸಲುವಾಗಿ ಯಾಕ ತುಂಬೂದು, ಹೊಸಾ ವರ್ಷಕ್ಕ ತಗೋಳೂಣು ಅಂದೆ. ಅವರು ಚಪ್ಪಲಿ ಬಿಟ್ಟು ಒಳಗ ಬಂದ್ರು.

ಆಗ ಅವರ ಕಿವಿ ಇನ್ನೂ ಒಂದೀಟು ಕೇಳತಿತ್ತು. ಅದು ಹೋಗಾಕತ್ತೈತಿ ಅಂತ ನನಗ ತಿಳೀಲಿಲ್ಲ. ನಿನಗೂ ಗೊತ್ತೈತಿ, ಮಗ್ಗದ ಕಾರಖಾನಿ ಪಾಳಿ ಬಿಟ್ಟು ಬರೂಮುಂದ ಅವರು ಚಾದ ಅಂಗಡಿ ಮುಂದ ನಿಂತು, ಧಾರವಾಡ ಸ್ಟೇಷನ್ನಿನ ಹಾಡು ಮುಗಿಯೂ ತನಕ ಕೇಳಿ ಬರತಿದ್ರು. ಕನ್ನಡ ಹಾಡು ಕೇಳಿದ್ರ ಹುಟ್ಟಿದೂರು ನೂಲಕ್ಕ ಹೋಗಿ ಬಂದಂಗ ಆಗತೈತಿ ಅಂತಿದ್ರು. ಮನ್ಯಾಗೂ ಒಂದು ರೇಡಿಯೋ ಇರಬೇಕು ಅನ್ನೂ ಆಸೆ ಹುಟ್ಟಿದ್ದ ಅಲ್ಲಿ. ಹೋದ ವರ್ಷ ಅಲ್ಲಿ ನಿಲ್ಲೂದು ಬಿಟ್ರು. ದಣದು ಬರ್ತಾರ ಅಂದಕೊಂಡೆ. ಮೂರು ಸಲ ಕರದ್ರ ಒಂದು ಸಲ ಓ ಅಂತಿದ್ರು. ಒಮ್ಮೆ ಸಿಟ್ಟಿಲೆ ಊಟದ ತಾಟು ಅವರ ಮುಂದ ಕುಕ್ಕಿ, ನನ್ನ ಮಾತಂದ್ರ ನಿಮಗ ಇಷ್ಟು ಹಗುರಾತೇನ್ರಿ ಅಂದೆ. ತಾಟಿನ ಸಪ್ಪಳಕ್ಕೂ ಅವರು ತಲಿ ಎತ್ತಲಿಲ್ಲ. ನಾ ಅದನ್ನೂ ಸೊಕ್ಕು ಅಂತ ತಿಳಿದೆ.

ಜನವರಿ ಎರಡನೇ ವಾರ ರೇಡಿಯೋ ಬಂತು. ಸಿದ್ದರಾಯ ತಾನ ಬಂದು ಮಾಳಿಗಿ ಮ್ಯಾಲ ತಂತಿ ಎಳದು, ಧಾರವಾಡ ಹಚ್ಚಿಕೊಟ್ಟ. ನಮ್ಮ ಚಾಳಿನ ಅಕ್ಕಪಕ್ಕದ ಮನಿ ಹೆಂಗಸರೆಲ್ಲಾ ಬಾಗಲದಾಗ ನಿಂತಿದ್ರು. ಹಾಡು ಸುರು ಆತು. ನಿಮ್ಮಣ್ಣ ಗುಂಡಿ ತಿರುವಿದ್ರು, ಇನ್ನಷ್ಟು ತಿರುವಿದ್ರು, ಗುಂಡಿ ಕಡೀಗೆ ಹೋಗಿ ನಿಲ್ಲೂ ತನಕ ತಿರುವಿದ್ರು. ಹೆಂಗಸರು ಕಿವಿ ಮುಚಗೊಂಡು ನಕ್ರು. ನಿಮ್ಮವ್ವ, ಅಪ್ಪಣ್ಣಾ, ಮನೀನ ಕಾರಖಾನಿ ಮಾಡತಿಯೇನು ಅಂತ ಬೈದು ಗುಂಡಿ ಇಳಿಸಿದ್ರು. ನಿಮ್ಮಣ್ಣ ರೇಡಿಯೋ ಪೆಟ್ಟಿಗಿ ಮ್ಯಾಲ ಅಂಗೈ ಇಟ್ಟು ಕುಂತ್ರು. ಮಂದಿ ನಕ್ಕಾಗ ತಾವೂ ನಕ್ರು. ಆ ಕೈ ನೋಡಿ ನನಗ ತಿಳೀತು. ಮಗ್ಗ ನಡದೈತೋ ನಿಂತೈತೋ ಅಂತ ಮುಟ್ಟಿ ನೋಡೂ ಹಂಗ ಅವರು ರೇಡಿಯೋ ಮುಟ್ಟಿ ನೋಡಾಕತ್ತಿದ್ರು.

ಮರುವಾರ ಅವರನ್ನ ಕೊಲ್ಹಾಪುರದ ದವಾಖಾನಿಗೆ ಕರಕೊಂಡು ಹೋದೆ. ಹದಿನೆಂಟು ವರ್ಷ ಮಗ್ಗದ ಗದ್ದಲದಾಗ ಕಳದ ಕಿವಿ, ಒಳಗಿನ ನರ ಸತ್ತಾವ, ಇದಕ್ಕ ಔಷಧ ಇಲ್ಲ ಅಂತ ಡಾಕ್ಟರ ಮರಾಠಿಯೊಳಗ ನನಗ ಹೇಳಿದ್ರು. ಬಲಗಿವಿಗೆ ಬಾಯಿ ಹಚ್ಚಿ ಒದರಿದ್ರ ನಾಕು ಮಾತು ತಿಳೀತಾವ, ಅದೂ ಭಾಳ ದಿನ ಇರೂದಿಲ್ಲಂತ. ಬಸ್ ಸ್ಟ್ಯಾಂಡಿನ್ಯಾಗ ಕುಂತು ಅದನ್ನೆಲ್ಲಾ ಅವರ ಕಿವ್ಯಾಗ ಒದರಿ ಹೇಳಬೇಕಾತು. ಮಂದಿ ನಿಂತು ನೋಡಾಕತ್ತಿದ್ರು. ದೀಪಾವಳಿಗೆ ನಾ ನಿಮ್ಮನ್ನ ತಡೀಬಾರದಿತ್ತು ಅಂತನೂ ಒದರಿದೆ. ಅವರು ಅಂದ್ರು:

"ನನಗ ಎರಡು ವರ್ಷದಿಂದ ಗೊತ್ತಿತ್ತು, ದುರ್ಗಿ. ಯಾವಾಗ ತಗೋಳೂಣಂತ ನೀವೆಲ್ಲಾ ಕುಂತು ಮಾತಾಡತಿದ್ರಿ. ನಿಮ್ಮ ಮಾರಿ ನೋಡಿಕೋತ ಕುಂದರೂದ ನನಗ ಚಂದ ಅನಸ್ತಿತ್ತು. ಅದಕ್ಕ ಬಾಯಿ ಬಿಡಲಿಲ್ಲ."

ನಾ ಬಸ್ಸಿನ್ಯಾಗ ಊರು ಬರೂ ತನಕ ಕಿಡಕಿ ಕಡೆ ಮಾರಿ ಮಾಡಿ ಕುಂತೆ. ನಿಮ್ಮವ್ವಗ ವಿಷಯ ತಿಳಿದ ಮ್ಯಾಲ, ಆಷಾಢ ಅಂದಾಕಿ ನಾನ, ಅಂತ ಹಣಿ ಬಡಕೊಂಡ್ರು. ಅವತ್ತಿನಿಂದ ರೇಡಿಯೋ ಮುಟ್ಟೂದಿಲ್ಲ. ದಿನಾ ಸಂಜೀಕ ನಿಮ್ಮಣ್ಣ ತಾವ ಅದನ್ನ ಹಚ್ಚತಾರ, ಅವ್ವ ಕೇಳಲಿ ಅಂತ. ಅವ್ವ ಕಣ್ಣು ತುಂಬಿಕೊಂಡು ಮಗನ ಸಲುವಾಗಿ ಕೇಳತಾರ. ಮರುದಿನ ಮುಂಜಾನೆ ನಿಮ್ಮಣ್ಣ ಮತ್ತ ಅದ ಮಗ್ಗದ ಪಾಳಿಗೆ ಹೋಗತಾರ. ಬ್ಯಾರೆ ಏನು ಮಾಡಾಕ ಬರತೈತಿ?

ನಿನ್ನ ಮ್ಯಾಲ ಯಾರಿಗೂ ಸಿಟ್ಟಿಲ್ಲ, ತಮ್ಮಾ. ನೀ ಹೇಳಿದ ಹೊತ್ತು ಸರಿ ಇತ್ತು, ನಾವು ಹಿಡೀಲಿಲ್ಲ. ನಿಮ್ಮವ್ವ ದೇವರ ಬೂದಿ, ಅಂಗಾರಾ ಕಟ್ಟಿ ಕೊಟ್ಟಾರ, ಪತ್ರದಾಗ ಮಡಚಿಟ್ಟೇನಿ, ಹಣಿಗೆ ಹಚಗೋ. ದೇವರು ನಿನ್ನನ್ನ ತಣ್ಣಗಿಟ್ಟಿರಲಿ.

ನಿನ್ನ ವೈನಿ,
ದುರ್ಗವ್ವ

ತಾ.ಕ.: ಟಪಾಲು ಒಯ್ಯೂ ಹೊತ್ತಾತು, ಅವಸರದಾಗ ಬರೀತೇನಿ. ಹೋದ ವಾರ ಬಂದ ನಿನ್ನ ಕಾರ್ಡು ನಾ ಯಾರಿಗೂ ಓದಿ ಹೇಳಿಲ್ಲ, ಮುಚ್ಚಿಟ್ಟೇನಿ. ಮಾಲಕ ಅಂಗಡಿ ಮುಚ್ಚಾಕತ್ಯಾನ, ಊರಿಗೆ ಬಂದು ಅಣ್ಣನ ಸಂಗಾಟ ಮಗ್ಗಕ್ಕ ನಿಲ್ಲತೇನಿ ಅಂತ ಬರದೀದಿ. ನಿಮ್ಮಣ್ಣಗ ತಿಳಿದ್ರ, ತಮ್ಮ ಬರ್ತಾನ ಅನ್ನೂ ಖುಷೀಲೆ ನಿನಗ ಕೆಲಸ ಕೇಳಾಕ ಇವತ್ತ ಮಗ್ಗದ ಮಾಲಕರ ಕಡೆ ಓಡತಾರ. ಅದಕ್ಕ ಹೇಳಿಲ್ಲ. ಅಲ್ಲೇ ಹಮಾಲಿ ಮಾಡು, ಇಲ್ಲಾ ಗಡಹಿಂಗ್ಲಜದಾಗ ಯಾರದರೆ ಅಂಗಡಿ ಕಸಾ ಹೊಡಿ. ಹಬ್ಬಕ್ಕ ಬಾ, ಹೋಳಿಗಿ ಮಾಡಿ ಉಣಸ್ತೇನಿ. ಮಗ್ಗಕ್ಕ ಅಂತ ಗಂಟು ಕಟಗೊಂಡು ಬಂದ್ರ, ನಿನ್ನನ್ನ ಎತ್ತಿ ಬೆಳಸಿದಾಕಿ ನಾ ಬಾಗಲಾ ತಗಿಯೂದಿಲ್ಲ.