ಚಾಪೆಯ ಕೆಳಗಿದ್ದವರು

ಫಾಲೆಆಸೊ, ಸವಾಯಿ ದ್ವೀಪ
ಗುರುವಾರ, ಆಗಸ್ಟ್ ೧೪

ಪ್ರೀತಿಯ ಅಣ್ಣ ವಿಲಿಯಾಮು,

ಹೇಗಿದ್ದೀಯ? ಭುಜದ ಹೊಲಿಗೆ ಬಿಚ್ಚಿದರಾ? ಆಪಿಯಾದಲ್ಲಿ ಅತ್ತೆ ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆಂದು ಗೊತ್ತು, ನೀನು ತಿನ್ನುತ್ತೀಯೋ ಇಲ್ಲವೋ ಎಂಬುದೇ ಚಿಂತೆ. ಅಮ್ಮ ದೀವಿಹಲಸು ಸುಟ್ಟು ಕಳಿಸಿದ್ದಾಳೆ. ಈ ಕಾಗದದ ಜೊತೆ ಅದನ್ನು ತರುವ ಟೀನಾ ದೋಣಿಯಲ್ಲೇ ಅರ್ಧ ತಿಂದಿದ್ದರೆ ಬೈಯಬೇಡ.

ನನಗೆ ಕೆಲಸ ಸಿಕ್ಕಿದೆ. ವಿಶ್ವವಿದ್ಯಾಲಯದಿಂದ ಮೂವರು ಬಂದಿದ್ದಾರೆ: ಒಬ್ಬ ವಕೀಲ, ಒಬ್ಬಳು ಮನಶ್ಶಾಸ್ತ್ರದವಳು, ಒಬ್ಬ ತತ್ತ್ವಶಾಸ್ತ್ರದ ಮುದುಕ. ಜನ ಯಾವುದನ್ನು ನ್ಯಾಯ ಎನ್ನುತ್ತಾರೆ, ಯಾಕೆ ಎನ್ನುತ್ತಾರೆ ಎಂದು ಮನೆಮನೆಗೂ ಹೋಗಿ ಕೇಳುತ್ತಾರೆ. ನಾನು ಬರೆದುಕೊಳ್ಳುವವಳು. ಬಾಯಿ ತೆರೆಯಬೇಕಿಲ್ಲವಲ್ಲ, ನನಗೆ ಹೇಳಿಮಾಡಿಸಿದ ಕೆಲಸ. "ಸಾಹಿತ್ಯ ಓದಿ ಕೊನೆಗೆ ಊರವರ ಜಗಳ ಬರೆಯೋಕೆ ಬಂದ್ಯಾ ತಾಯಿ?" ಎಂದು ಅಂಗಡಿಯ ಲೂಪೆ ಆಡಿಕೊಳ್ಳುತ್ತಾಳೆ. ಆ ಮೂವರೂ ಯಾವುದಕ್ಕೂ ಒಪ್ಪುವುದಿಲ್ಲ, ವಾದ ಮಾಡುತ್ತಲೇ ಟೀ ಆರಿಹೋಗುತ್ತದೆ. ಒಪ್ಪಿದ್ದು ಒಂದಕ್ಕೇ, ನಮ್ಮ ಮನೆಯವರು ಕ್ಷಮೆ ಬೇಡಿದ ಇಫೋಗಾಕ್ಕೆ. ನಿನ್ನ ಗಾಡಿ ಬಡಿದು ಸೆಫೋನ ಹೆಂಡತಿ ಸತ್ತ ಮೂರನೇ ಬೆಳಿಗ್ಗೆ ನಮ್ಮವರು ಅವನ ಅಂಗಳದಲ್ಲಿ ಚಾಪೆ ಹೊದ್ದು ಮಂಡಿಯೂರಿದ್ದು, ಅವನು ಚಾಪೆ ಎತ್ತಿ ಕ್ಷಮಿಸಿದ್ದು. ತಪ್ಪು ಮಾಡಿದವನೇ ಬಂದು ತಲೆಬಾಗಿದ, ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು ಎಂದರು. ನಾನು ಹಾಗೇ ಬರೆದುಕೊಂಡೆ. ಅಕ್ಷರ ಸೊಟ್ಟಗಾಯಿತು.

ನೀನು ಇಫೋಗಾದ ಹಿಂದಿನ ದಿನವೇ ಯಾರಿಗೂ ಹೇಳದೆ ದೋಣಿ ಹತ್ತಿದ್ದೆ. ದೊಡ್ಡಪ್ಪ ನಿನ್ನ ಅಂಗಿ ನನ್ನ ಕೈಗಿಟ್ಟು, "ಚಾಪೆ ಕೆಳಗೆ ಯಾರಿದಾರೆ ಅಂತ ಎತ್ತೋವರೆಗೂ ಗೊತ್ತಾಗಲ್ಲ ಕಣೇ. ಎತ್ತಿದ ಅಂದ್ರೆ ಕ್ಷಮಿಸಿದ ಹಾಗೇ, ಆಮೇಲೆ ಏನ್ ಮಾಡ್ತಾನೆ?" ಎಂದ. ಅವನು ಕುಟುಂಬದ ಮುಖಂಡ, ನಾನು ಎದುರಾಡಿದವಳೇ ಅಲ್ಲ, ಅಂಗಿ ತೊಟ್ಟು ನಿನ್ನ ಜಾಗದಲ್ಲಿ ಮಂಡಿಯೂರಿದೆ. ಸೆಫೋ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಿಸಿಲೇರಿತು. ಪಕ್ಕದಲ್ಲಿ ದೊಡ್ಡಪ್ಪನ ಬೆವರು, ಉಸಿರು. ಕೊನೆಗೆ ಸೆಫೋನ ಪಾದಗಳು ಕಂಡವು, ಒಂದು ಚಪ್ಪಲಿ ಅವನದು, ಇನ್ನೊಂದು ಹೆಂಡತಿಯದು. ಚಾಪೆ ಎತ್ತಿದ. ನನ್ನ ಮುಖ ನೋಡಿದ. ಕೂಗಬಹುದಿತ್ತು, ಕಲ್ಲು ಎತ್ತಬಹುದಿತ್ತು. ಹೆಗಲ ಬಟ್ಟೆ ತೆಗೆದು ನನ್ನ ತಲೆಗೆ ಮುಸುಕು ಹಾಕಿ, "ಒಳಗೆ ಬನ್ನಿ" ಎಂದ. ದಾರಿಯಲ್ಲಿ ನಿಂತಿದ್ದ ಊರವರಿಗೆ ನೀನೇ ಅಳುತ್ತಿರುವಂತೆ ಕಂಡಿರಬೇಕು. ಅದು ಕ್ಷಮೆಯೋ, ನನ್ನ ಮೇಲಿನ ಮರುಕವೋ, ಆ ಮೂವರನ್ನು ಕೇಳೋಣವೆಂದರೆ ಧೈರ್ಯವಿಲ್ಲ.

ದೇವರು ನಿನಗೆ ನಿದ್ದೆ ಕೊಡಲಿ. ಅತ್ತೆಗೆ ನನ್ನ ನಮಸ್ಕಾರ.

ನಿನ್ನ ತಂಗಿ,
ಮಸೀನಾ

ಟೀನಾ ಹೊರಟು ನಿಂತಿದ್ದಾಳೆ, ಬೇಗಬೇಗ ಬರೆಯುತ್ತಿದ್ದೇನೆ. ಸೆಫೋ ಇವತ್ತು ಬಂದಿದ್ದ. ನೀನು ಮಂಡಿಯೂರಿದ್ದು ನಿಜವೆಂದು ಸೋಮವಾರ ಕೋರ್ಟಿನಲ್ಲಿ ಅವನು ಹೇಳಿದರೆ ನಿನ್ನ ಶಿಕ್ಷೆ ಇಳಿಯುತ್ತದಂತೆ. "ಸುಳ್ಳು ಹೇಳೋಕೆ ನನ್ ಕೈಲಿ ಆಗಲ್ಲ ಮಗಾ. ಭಾನುವಾರದವರೆಗೂ ಅಂಗಳ ಗುಡಿಸಿಟ್ಟಿರ್ತೀನಿ, ಅವನಿಗೆ ಹೇಳು" ಎಂದ. ಶನಿವಾರದ ದೋಣಿಗೆ ಬಾ ಅಣ್ಣ, ಈ ಸಲ ಚಾಪೆಯ ಕೆಳಗೆ ನಿನ್ನ ಪಕ್ಕ ಕೂರುತ್ತೇನೆ. ಬರದಿದ್ದರೆ ಸೋಮವಾರ ಕೋರ್ಟಿನಲ್ಲಿ ಅವನ ಪಕ್ಕ ನಿಲ್ಲುತ್ತೇನೆ, ಚಾಪೆಯ ಕೆಳಗೆ ಯಾರಿದ್ದರೆಂದು ಕೇಳಿದರೆ ಉತ್ತರ ಹೇಳುತ್ತೇನೆ.