ಸಮೀಕ್ಷೆಗೆ ಹೋದ ಊರು

ಕಡೂರು, ೧೪-೨-೧೯೭೯

ಅಕ್ಕನಿಗೆ ವಂದನೆ. ಕೆಮ್ಮು ವಾಸಿಯಾಗಿದೆ, ಆದರೆ ಸಿಟ್ಟು ಇನ್ನೂ ಇಳಿದಿಲ್ಲ. ನಿನ್ನೆ ನನ್ನ ಸಮಾಜಶಾಸ್ತ್ರದ ವಿದ್ಯಾರ್ಥಿಗಳನ್ನು ಹಳ್ಳಿಯೊಂದರ ಸಮೀಕ್ಷೆಗೆ ಕರೆದೊಯ್ದಿದ್ದೆ. ಊಟಕ್ಕೆ ಕರೆದ ಯಜಮಾನರು ನಮ್ಮ ಗುಂಪಿನ ಹರಿಜನರ ಹುಡುಗ ಈರಪ್ಪನಿಗೆ ಮಾತ್ರ, "ನೀನು ಅಂಗಳದಲ್ಲೇ ಕೂತ್ಕಳಪ್ಪಾ" ಎಂದರು. ಉಳಿದ ಹುಡುಗರೆಲ್ಲ ಒಳಗೆ ಹೋಗಿ ಉಂಡರು! ನಾನು ಈರಪ್ಪನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡೆ. ಇಂದು ವರದಿಯಲ್ಲಿ, 'ಅಸ್ಪೃಶ್ಯತೆ ಇದೆಯೇ?' ಎಂಬಲ್ಲಿ ಎಲ್ಲರೂ 'ಇಲ್ಲ' ಎಂದು ಬರೆದಿದ್ದಾರೆ. ಅವರ ಕಣ್ಣೆದುರೇ ಆ ವರದಿಗಳನ್ನು ಒಂದೊಂದಾಗಿ ಹರಿದುಹಾಕಿದೆ. ಕೊನೆಯದು ಈರಪ್ಪನದು. ಅದರಲ್ಲೂ 'ಇಲ್ಲ'.

"ನೀನೂನಾ? ಯಾಕೋ?" ಎಂದು ಕೂಗಿದೆ.

"ಅದು ನಮ್ಮೂರೇ ಸಾರ್. ನಾಳೆ ನಮ್ಮಪ್ಪ ಆ ಯಜಮಾನರ ಹೊಲಕ್ಕೇ ಕೂಲಿಗೆ ಹೋಗ್ಬೇಕು."

ಅವನ ಊರು ಯಾವುದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ, ಅಕ್ಕಾ. ಕಾರ್ಡು ತುಂಬಿತು.

ನಿನ್ನ ತಮ್ಮ,
ಪುಟ್ಟಸ್ವಾಮಿ